ವಾಲ್‌ಬ್ರಿಯಾಕ್‌ನಲ್ಲಿ ರೊಸಲಿನ್ ಕಳೆದ ರಜೆ

ಫ್ರಾನ್ಸಿನ ನಕ್ಷೆಯಲ್ಲಿ ವಾಲ್‌ಬ್ರಿಯಾಕ್ ಎಂಬ ಊರನ್ನು ಹುಡುಕಬೇಕಾದರೆ ಕನ್ನಡಕ ಬೇಕು. ಇನ್ನೂರ ಹದಿನಾಲ್ಕು ಜನ, ನೆತ್ತಿಯಲ್ಲಿ ಶಿಲುಬೆ ಹೊತ್ತ ಒಂದು ಇಗರ್ಜಿ, ಬೇಸಿಗೆಯಲ್ಲಿ ಮೊಣಕಾಲೂ ಮುಳುಗದ ಒಂದು ಹೊಳೆ. ಅಬುಧಾಬಿಯಲ್ಲಿ ಆ ಊರನ್ನು ಮೂಲೆಮೂಲೆ ಬಲ್ಲವರು ಇಬ್ಬರೇ. ಒಬ್ಬರು ಅಲ್ಲೇ ಹುಟ್ಟಿದ ಸೊಲಾಂಜ್ ಮೇಡಂ. ಇನ್ನೊಬ್ಬಳು ಅವರ ಫ್ಲಾಟಿನಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿರುವ, ಉಡುಪಿ ಕಡೆಯ ಪಾಂಬೂರಿನ ರೊಸಲಿನ್.

ಮೇಡಂ ಬಲ್ಲ ಊರು ಸುಣ್ಣಕಲ್ಲಿನ ಗುಡ್ಡದ ಇಳಿಜಾರಿನಲ್ಲಿದೆ. ಅದರ ಇಗರ್ಜಿ ಹನ್ನೆರಡನೆಯ ಶತಮಾನದ್ದು. ಊರಿಗೆಲ್ಲ ಸೇರಿದ ರೊಟ್ಟಿ ಸುಡುವ ಕಲ್ಲಿನ ಗೂಡು ಅದಕ್ಕಿಂತ ಸ್ವಲ್ಪ ಈಚಿನದು. ದ್ರಾಕ್ಷಿ ಬಳ್ಳಿಗೆ ರೋಗ ಬಂದ ಕಾಲದಲ್ಲಿ ಅರ್ಧ ಊರು ಖಾಲಿಯಾಯಿತು, ಮಿಕ್ಕದ್ದರಲ್ಲಿ ಅರ್ಧ ಯುದ್ಧಕ್ಕೆ ಹೋಯಿತು.

ರೊಸಲಿನ್ ಬಲ್ಲ ಊರಿನಲ್ಲಿ ಅಂಗಡಿ ಇಲ್ಲ. ರೊಟ್ಟಿಯ ವ್ಯಾನು ಮಂಗಳವಾರ ಮತ್ತು ಶುಕ್ರವಾರ ಇಗರ್ಜಿಯ ಮುಂದೆ ನಿಂತು ಹಾರ್ನ್ ಹೊಡೆಯುತ್ತದೆ. ಒಲೆಯ ಮೇಲೆ ಏನಿದ್ದರೂ ಬಿಟ್ಟು ಓಡಬೇಕು. ಮನೆಯಿಂದ ಇಗರ್ಜಿಯ ಬಯಲಿಗೆ ನೂರ ಹನ್ನೆರಡು ಮೆಟ್ಟಿಲು. ಇಳಿಯುವಾಗ ಕೈ ಖಾಲಿ, ಹತ್ತುವಾಗ ಒಂದು ಕಂಕುಳಲ್ಲಿ ಕೋಲಿನಂಥ ಆರು ರೊಟ್ಟಿ, ಇನ್ನೊಂದರಲ್ಲಿ ಕಲ್ಲಂಗಡಿ. ಗೋಡೆಗಳು ಮೂರಡಿ ದಪ್ಪ, ಆದ್ದರಿಂದ ಒಳಗೆ ತಂಪು ಎಂದು ಮೇಡಂ ಹೊಗಳುತ್ತಾರೆ. ಆ ದಪ್ಪ ಗೋಡೆಯ ಕಿಟಕಿ ಒರೆಸಬೇಕಾದರೆ ಅರ್ಧ ಮೈ ಹೊರಗೆ ಹಾಕಬೇಕು ಎನ್ನುವುದು ರೊಸಲಿನ್‌ಗೆ ಗೊತ್ತು.

ಇಪ್ಪತ್ತೆಂಟನೇ ವಯಸ್ಸಿನಲ್ಲಿ ಗಂಡ ತೀರಿಕೊಂಡಾಗ ಅವಳ ಮಗಳು ಆನ್ ಮರಿಯಾಗೆ ಐದು ವರ್ಷ. ಐದು ವರ್ಷ ಬೀಡಿ ಕಟ್ಟಿದಳು. ಆಮೇಲೆ ಮಗಳನ್ನು ಅಣ್ಣ ಆಗಸ್ಟಿನ್‌ನ ಮನೆಯಲ್ಲಿ ಬಿಟ್ಟು ವಿಮಾನ ಹತ್ತಿದಳು. ಮೇಡಂ ಮನೆಯ ಇಬ್ಬರು ಮಕ್ಕಳನ್ನು ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದಳು. ಅವರಿಗೆ ಹಾಲುಹಲ್ಲು ಬಿದ್ದ ದಿನ ಅವಳಿಗೆ ನೆನಪಿದೆ. ತನ್ನ ಮಗಳು ದೊಡ್ಡವಳಾದ ಸುದ್ದಿ ಮಾತ್ರ ಫೋನಿನಲ್ಲಿ ಕೇಳಿದ್ದು.

ಮೊದಲೆಲ್ಲ ಜುಲೈಯಲ್ಲಿ ಮೇಡಂ ಮನೆಯವರು ಫ್ರಾನ್ಸಿಗೆ ಹೋದರೆ ರೊಸಲಿನ್ ಪಾಂಬೂರಿಗೆ ಹೋಗುತ್ತಿದ್ದಳು. ಮೂರು ವರ್ಷದ ಹಿಂದೆ ಮೇಡಂ, "ಈ ಸಲ ನೀನೂ ನಮ್ಮೂರು ನೋಡು" ಎಂದರು. ಅವಳು ಪಾತ್ರೆ ತೊಳೆದ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡು ಹಿಗ್ಗಿದ್ದಳು. ಹೋಗಿ ನೋಡಿದರೆ ಮೇಡಂನ ಅಮ್ಮ, ಇಬ್ಬರು ತಮ್ಮಂದಿರು, ಅವರ ಹೆಂಡಿರು ಮಕ್ಕಳು ಸೇರಿ ಹದಿನಾಲ್ಕು ಜನ ಊಟಕ್ಕೆ.

ಕಳೆದ ಜುಲೈಯಲ್ಲಿ ಆ ಮನೆಯ ವಾಷಿಂಗ್ ಮೆಷಿನ್ ಕೆಟ್ಟಿತು. ರಿಪೇರಿಯವನು ಪೇಟೆಯಿಂದ ಬರಲು ಒಂಬತ್ತು ದಿನ. ಹದಿನಾಲ್ಕು ಜನರ ಹಾಸಿಗೆಯ ಬಟ್ಟೆಯನ್ನು ಬುಟ್ಟಿಯಲ್ಲಿ ಹೊತ್ತು ರೊಸಲಿನ್ ಹೊಳೆಯ ಬದಿಯ ಹಳೆಯ ಒಗೆಯುವ ಕಟ್ಟೆಗೆ ಹೋದಳು. ಮೇಲೆ ಹೆಂಚಿನ ಮಾಡು, ನಡುವೆ ಕಲ್ಲಿನ ತೊಟ್ಟಿ, ಸುತ್ತ ನೀರಿನ ಕಡೆಗೆ ಓರೆಯಾದ ಚಪ್ಪಡಿ. ಎದುರು ಮನೆಯ ಒಡೆಟ್ ಎಂಬ ಎಂಬತ್ತೆಂಟರ ಅಜ್ಜಿ ಅವಳನ್ನು ನೋಡಿ ಒಳಗೆ ಹೋಗಿ ಮೂರು ಬದಿಯ ಒಂದು ಮರದ ಪೆಟ್ಟಿಗೆ ತಂದಿಟ್ಟಳು. ಅದರೊಳಗೆ ಹುಲ್ಲು ತುಂಬಿ ಮೊಣಕಾಲೂರಿ ಕೂರುವುದನ್ನು ತಾನೇ ಕೂತು ತೋರಿಸಿದಳು. ಬೂದಿ ನೀರಿನಲ್ಲಿ ಬಟ್ಟೆ ನೆನೆಹಾಕುವ ಕ್ರಮವನ್ನು ಕೈಸನ್ನೆಯಲ್ಲಿ ಹೇಳಿದಳು. ರೊಸಲಿನ್‌ಳ ಅಮ್ಮ ಮಾಡುತ್ತಿದ್ದುದೂ ಅದೇ. ಮೇಡಂ ಓಡಿ ಬಂದು ಫೋಟೊ ಹೊಡೆದದ್ದೇ ಹೊಡೆದದ್ದು.

ಅಕ್ಟೋಬರಿನಲ್ಲಿ ಆನ್ ಮರಿಯಾಳ ಮದುವೆ ನಿಶ್ಚಯವಾಯಿತು, ಜನವರಿಯ ಎರಡನೇ ವಾರಕ್ಕೆ. ಹಿಂದಿನ ದಿನ ರೋಸ್, ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ದಿನ. ತಂದೆ ಇಲ್ಲದ ಹುಡುಗಿ. ತಾಯಿಯ ಕೈಯಾದರೂ ಮೊದಲು ತಲೆ ಮುಟ್ಟಬೇಕು. ರೊಸಲಿನ್ ಇಪ್ಪತ್ತು ದಿನ ರಜೆ ಕೇಳಿದಳು.

ಮೇಡಂ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿದರು. "ರಜೆಯಾ? ಜುಲೈ ಇಡೀ ನೀನು ರಜೆಯಲ್ಲೇ ಇದ್ದೆಯಲ್ಲ ರೊಸಲಿನ್! ಅದೂ ಫ್ರಾನ್ಸಿನಲ್ಲಿ! ಜನವರಿಯಲ್ಲಿ ನನ್ನ ಅಮ್ಮ ಬರುತ್ತಾಳೆ, ಆಗುವುದೇ ಇಲ್ಲ. ಮದುವೆಯನ್ನು ವಿಡಿಯೊದಲ್ಲಿ ನೋಡಬಹುದು. ನನ್ನ ದೊಡ್ಡ ಟ್ಯಾಬ್ಲೆಟ್ ಕೊಡುತ್ತೇನೆ."

ರೊಸಲಿನ್ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದಳು, ಬೇಕಾದ್ದಕ್ಕಿಂತ ಎರಡು ಪಟ್ಟು.

ನವೆಂಬರಿನಲ್ಲಿ ಮೇಡಂ ಬರೆದ ಪುಸ್ತಕ ಅಚ್ಚಾಗಿ ಬಂತು. ಅರವತ್ತು ಪುಟ, ವಾಲ್‌ಬ್ರಿಯಾಕ್‌ನ ನೆಲ, ಚರಿತ್ರೆ, ಪರಂಪರೆ. ಎಡ ಪುಟದಲ್ಲಿ ಫ್ರೆಂಚ್, ಬಲ ಪುಟದಲ್ಲಿ ಇಂಗ್ಲಿಷ್, ನಡುನಡುವೆ ಅಡಿಯಲ್ಲಿ ತಾರೀಕು ಹಾಕಿದ ಫೋಟೊಗಳು. ಒಂದು ಪ್ರತಿಯ ಮೇಲೆ, "ರೊಸಲಿನ್‌ಗೆ, ನಮ್ಮ ಸುಂದರ ರಜೆಗಳ ನೆನಪಿಗೆ" ಎಂದು ಬರೆದು ಕೊಟ್ಟರು. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಅವಳು ಅದನ್ನು ಎಲೆಕ್ಟ್ರಾ ಸ್ಟ್ರೀಟಿನಲ್ಲಿ ರೂಮು ಮಾಡಿಕೊಂಡಿರುವ ನರ್ಸ್ ಪ್ಯಾಟ್ರಿಶಿಯಾಳಿಗೆ ತೋರಿಸಿದಳು. ಪ್ಯಾಟ್ರಿಶಿಯಾ ಪಾಂಬೂರಿನ ಪಕ್ಕದ ಶಿರ್ವದವಳು, ಬಾಯಿ ಜೋರು.

"ರಜೆಯಾ ಇದು? ಎಂತ ರಜೆ ರೊಸ್ಲಿನಕ್ಕ? ಇಲ್ಲಿ ನೋಡಿ, ಹದಿನೇಳು ಜುಲೈ, ನೀವು ಬಟ್ಟೆ ಒಗೆಯುದು. ಇಪ್ಪತ್ತು ಜುಲೈ, ಊರ ಹಬ್ಬಕ್ಕೆ ಆ ಗೂಡಿನಲ್ಲಿ ರೊಟ್ಟಿ ಸುಡುದು. ಇಪ್ಪತ್ತಾರು, ಇಗರ್ಜಿಯ ದೀಪದ ಕಂಬ ಉಜ್ಜುದು. ಅಯ್ಯೋ, ದೇವರ ಕೆಲಸವನ್ನೂ ನಿಮ್ಮ ಕೈಲೇ ಮಾಡಿಸಿದ್ದಾ?"

"ಅದು ನಾನೇ ಮಾಡಿದ್ದು ಮಾರಾಯ್ತಿ, ಕಂಬ ಕಪ್ಪಾಗಿತ್ತು."

"ನಿಮಗೆ ಬುದ್ಧಿ ಇಲ್ಲ. ವರ್ಷಕ್ಕೆ ಮೂವತ್ತು ದಿನ ರಜೆ ಇಲ್ಲಿನ ಕಾನೂನಿನಲ್ಲಿ ಉಂಟು. ಮೂರು ವರ್ಷದ್ದು ಎಲ್ಲಿ ಹೋಯ್ತು? ಕೇಳಿ. ಕೊಡದಿದ್ದರೆ ಕಂಪ್ಲೇಂಟ್ ಕೊಡುವ, ಫಾರ್ಮ್ ನಾನು ತುಂಬಿಸ್ತೇನೆ. ಸಾಕ್ಷಿಯನ್ನು ಅವರೇ ತಾರೀಕು ಹಾಕಿ ಅಚ್ಚು ಮಾಡಿ ಕೊಟ್ಟಿದ್ದಾರಲ್ಲ!"

ಮುಂದಿನ ಶನಿವಾರ ಸಂಜೆ ಪುಸ್ತಕದ ಬಿಡುಗಡೆಗೆ ಹದಿನೆಂಟು ಜನ ಫ್ಲಾಟಿಗೆ ಬಂದರು. ರೊಸಲಿನ್ ಬೆಳಿಗ್ಗೆ ಐದರಿಂದ ನಿಂತೇ ಇದ್ದಳು. ಪರದೆಯ ಮೇಲೆ ಕಟ್ಟೆಯ ಚಿತ್ರ ಬಂದಾಗ ಮೇಡಂ ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಓದಿದರು:

"ಯುದ್ಧದಲ್ಲಿ ಸತ್ತ ಮೂವತ್ತೊಂದು ಗಂಡಸರ ಹೆಸರು ಇಗರ್ಜಿಯ ಎದುರು ಕೆತ್ತಿದೆ. ಮೊಣಕಾಲೂರಿ ಕೂತು ಈ ಚಪ್ಪಡಿಯನ್ನು ತಮ್ಮ ಮುಂಗೈಗಳಿಂದ ಸವೆಸಿದ ಹೆಂಗಸರ ಹೆಸರು ಎಲ್ಲೂ ಇಲ್ಲ. ಅವರ ದುಡಿಮೆಯನ್ನು ಯಾರೂ ದುಡಿಮೆ ಎಂದು ಕರೆಯಲೇ ಇಲ್ಲ."

ಒಬ್ಬಾಕೆ ಕಣ್ಣೊರೆಸಿಕೊಂಡಳು. ಒರೆಸಿಕೊಂಡ ಆ ಮನೆಯ ಬಟ್ಟೆಯ ನ್ಯಾಪ್‌ಕಿನ್‌ಗೆ ರೊಸಲಿನ್ ಬೆಳಿಗ್ಗೆ ಇಸ್ತ್ರಿ ಹಾಕಿದ್ದಳು. ಅವಳ ಕಿವಿ ಬಿಸಿಯಾಯಿತು. ನೂರು ವರ್ಷದ ಹಿಂದೆ ಸತ್ತ ಹೆಂಗಸರ ಮೊಣಕಾಲಿಗೆ ಮರುಗುವ ಈ ಜನರ ನಡುವೆ, ನೋಯುವ ಎರಡು ಮೊಣಕಾಲು ಟ್ರೇ ಹಿಡಿದು ನಿಂತಿವೆ!

"ಇಲ್ಲಿ ಒಗೆಯುತ್ತಿರುವವರು ಯಾರು?" ಗಡ್ಡದ ಗಂಡಸೊಬ್ಬ ಕೇಳಿದ.

"ನಮ್ಮ ರೊಸಲಿನ್!" ಮೇಡಂ ನಕ್ಕರು. "ಪ್ರತಿ ವರ್ಷ ರಜೆಯನ್ನು ನಮ್ಮ ಜೊತೆ ಅಲ್ಲೇ ಕಳೆಯುತ್ತಾಳೆ."

ರೊಸಲಿನ್ ಟ್ರೇಯನ್ನು ಪಿಯಾನೊದ ಮೇಲೆ ಇಟ್ಟಳು. ಅಲ್ಲಿ ಏನೂ ಇಡಬಾರದೆಂದು ಹನ್ನೊಂದು ವರ್ಷದಿಂದ ಗೊತ್ತಿತ್ತು. ಮೇಜಿನಿಂದ ಪುಸ್ತಕ ಎತ್ತಿಕೊಂಡಳು. ಅವಳ ಇಂಗ್ಲಿಷ್ ಹರಕು, ಆದರೆ ಆ ದಿನ ಒಂದು ಪದವೂ ಎಡವಲಿಲ್ಲ.

"ಮೇಡಂ, ಇದರಲ್ಲಿ ನನ್ನ ಏಳು ಫೋಟೊ ಇದೆ. ಏಳರಲ್ಲೂ ಕೆಲಸ ಮಾಡುತ್ತಿದ್ದೇನೆ. ನಾನು ಸುಮ್ಮನೆ ಕೂತಿರುವ ಒಂದು ಫೋಟೊ ತೋರಿಸಿ. ಒಂದೇ ಒಂದು. ತೋರಿಸಿದರೆ ನನ್ನ ಮಗಳ ಮದುವೆಗೆ ನಾನು ಹೋಗುವುದಿಲ್ಲ."

ಗಡ್ಡದವನು ನಿಜವಾಗಿಯೂ ಪುಟ ತಿರುಗಿಸಿ ಹುಡುಕತೊಡಗಿದ. ಮೇಡಂ ಕತ್ತಿನ ತನಕ ಕೆಂಪಾಗಿ, "ಈಗ ಬೇಡ ರೊಸಲಿನ್" ಎಂದರು.

"ಈಗಲೇ ಮೇಡಂ. ಎಲ್ಲರೂ ನನ್ನ ಫೋಟೊ ನೋಡುತ್ತಿರುವಾಗಲೇ."

ಮರುದಿನ ಬೆಳಿಗ್ಗೆ ಮೇಡಂ ಕೋಣೆಯಿಂದ ಹೊರಗೆ ಬರಲಿಲ್ಲ. ಅವರ ಗಂಡ, ಸಾರ್, ಒಂದು ಕಾಗದ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಸಜ್ಜನ, ಹೆಂಡತಿಯ ಮನೆವಾರ್ತೆಗೆ ತಲೆ ಹಾಕದಿರುವುದೇ ತಮ್ಮ ದೊಡ್ಡತನ ಎಂದುಕೊಂಡವರು. ಕಾಗದದಲ್ಲಿ ಜನವರಿಗೆ ಇಪ್ಪತ್ತು ದಿನ ಬಿಡುವು ಕೊಟ್ಟಿತ್ತು, 'ಮನೆಯವರ ಔದಾರ್ಯದಿಂದ ವಿಶೇಷ ಅನುಮತಿ' ಎಂದು.

"ಈ ಸಾಲು ತೆಗೆಯಿರಿ ಸಾರ್. ವಾರ್ಷಿಕ ರಜೆ ಎಂದು ಬರೆಯಿರಿ. ಮೂವತ್ತು ದಿನ."

"ನೀನು ಕೇಳಿದ್ದು ಇಪ್ಪತ್ತಲ್ಲವೇ?"

"ಅದು ಅಕ್ಟೋಬರಿನಲ್ಲಿ. ಆಗ ನಾನು ನಿಮ್ಮ ಪುಸ್ತಕ ಓದಿರಲಿಲ್ಲ."

ಸಾರ್ ಕಾಗದ ಮಡಚಿಕೊಂಡು ಹೋದರು. ಬಾಗಿಲಿನ ಆಚೆ ಫ್ರೆಂಚಿನಲ್ಲಿ ತುಂಬ ಹೊತ್ತು ಜಗಳವಾಯಿತು. ರೊಸಲಿನ್ ಚಹಾ ಕುದಿಸಿ ಸ್ಟೂಲಿನ ಮೇಲೆ ಕೂತು ಕುಡಿದಳು. ಹೊಸ ಕಾಗದ ಬಂದಾಗ ಒಂದೊಂದೇ ಪದ ಓದಿ ಸಹಿ ಹಾಕಿದಳು. ಆಮೇಲೆ ಪಾಂಬೂರಿಗೆ ಫೋನು ಮಾಡಿದಳು.

"ಅಣ್ಣ, ರಜೆ ಸಿಕ್ಕಿತು. ಮೂವತ್ತು ದಿನ."

"ದೇವರು ದೊಡ್ಡವ!" ಆಗಸ್ಟಿನ್ ಕೂಗಿದ. "ನನಗೆ ಅದೇ ತಲೆಬಿಸಿ ಆಗಿತ್ತು. ರೋಸ್‌ಗೆ ಮುನ್ನೂರು ಜನ, ಅಡಿಗೆಗೆ ನಮ್ಮ ಹೆಂಗಸರು ಸಾಕಾಗುದಿಲ್ಲ. ಇನ್ನು ನೀನು ಬಂದರೆ ಮುಗೀತು, ಒಳಗಿನ ಕೆಲಸದ ಚಿಂತೆಯೇ ಇಲ್ಲ."

ರೊಸಲಿನ್ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು. ನಿನ್ನೆಯ ಸಿಟ್ಟು ಆರಿದೆ ಎಂದುಕೊಂಡಿದ್ದಳು. ಆರಿರಲಿಲ್ಲ.

"ಅಡಿಗೆಗೆ ಜನ ಮಾಡು ಆಗಸ್ಟಿನಣ್ಣ," ಎಂದಳು. "ನಾನು ಬರುದು ಮದುಮಗಳ ತಾಯಿಯಾಗಿ. ನನ್ನ ಕೈಗೆ ಯಾರಾದರೂ ಸೌಟು ಕೊಟ್ಟರೆ ನಿನ್ನ ಚಪ್ಪರದಲ್ಲೇ ಬೈಯ್ತೇನೆ, ಮುನ್ನೂರು ಜನರ ಎದುರು."