ಗಾಜಿನ ಮೇಲೆ ಏನೂ ಇಲ್ಲ

ಬೀದಿದೀಪ ಇನ್ನೂ ಆರಿಲ್ಲ. ಪ್ರಯೋಗಾಲಯದ ಕಿಟಕಿಗಳನ್ನೆಲ್ಲ ಜಡಿದು ಮುಚ್ಚಿ, ಟೋಪಿ, ಗವಸು ಏರಿಸಿ ನಿಂತಿದ್ದಾರೆ ಜರಡಿಯಮ್ಮ. ಇಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಕೆರೆಯ ತಳದಿಂದ ಕೊರೆದು ತಂದ ಕೆಸರನ್ನು ಕೂದಲೆಳೆಗಿಂತ ಸಣ್ಣ ಕಣ್ಣಿನ ಜರಡಿಗೆ ಸುರಿಯುತ್ತಾರೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. “ಹನ್ನೊಂದು ಸಾವಿರ ವರ್ಷದ ಕೆಸರು ಇದು. ನಮ್ಮತ್ತೆಗಿಂತ ಸ್ವಲ್ಪ ದೊಡ್ಡದು!”

ಹಿಮಯುಗ ಮುಗಿದು ಭೂಮಿ ಬೆಚ್ಚಗಾಗುತ್ತಿದ್ದಾಗ ಉದುರಿದ ಪರಾಗ ಅದರಲ್ಲಿ ಹಾಗೇ ಕುಳಿತಿದೆ. ಆಮ್ಲಕ್ಕೆ ಕೆಸರು ಕರಗಿದರೂ ಪರಾಗದ ಸಿಪ್ಪೆ ಜಗ್ಗುವುದಿಲ್ಲ. ಹುಲ್ಲಿನದು ಹೆಚ್ಚಿದ್ದರೆ ಆಗ ಚಳಿ, ಒಣಹವೆ. ಮರಗಳದು ಹೆಚ್ಚಿದ್ದರೆ ಮಳೆ, ಬಿಸುಪು. ಎಣಿಸಿ ಹೆಸರು ಮಾಡುವವರು ವಿಜ್ಞಾನಿಗಳು. ತೊಳೆಯುವವರು ಇವರು: ದಿನಕ್ಕೆ ನಲವತ್ತು ನಳಿಕೆ, ಒಂದೊಂದಕ್ಕೆ ಒಂಬತ್ತು ತೊಳೆತ, ಇಪ್ಪತ್ತೆಂಟು ವರ್ಷ. ಮಣಿಕಟ್ಟಿನಲ್ಲಿ ಆಮ್ಲ ಸುಟ್ಟ ಎರಡು ಕಲೆ. ಜೊತೆಗೆ ಬರೀ ನೀರಿನ ನಳಿಕೆಯೊಂದನ್ನೂ ಹಾಗೆಯೇ ತೊಳೆಯಬೇಕು. ಅದರಲ್ಲಿ ಒಂದೇ ಒಂದು ಪರಾಗ ಕಂಡರೂ ಇಂದಿನ ಗಾಳಿ ಬೆರೆತಿದೆ ಎಂದರ್ಥ. ಅಷ್ಟೂ ಕೆಸರು ದಂಡ.

ತಮಾಷೆಯೆಂದರೆ, ಇವರ ಯಜಮಾನರದು ಹೂವಿನ ಅಂಗಡಿ! ಮದುವೆಯಾದ ಹೊಸದರಲ್ಲಿ ಹೂಗುಚ್ಛ ಹಿಡಿದು ನೇರ ಇಲ್ಲಿಗೇ ಬಂದಿದ್ದರಂತೆ. “ಒಂದು ವಾರದ ಕೆಲಸ ಹಾಳು. ಅವತ್ತೇ ಹೇಳ್ಬಿಟ್ಟೆ, ನಾನು ಬೇಕಾ ಹೂವು ಬೇಕಾ ಅಂತ.” ಅಂದಿನಿಂದ ಪಾಪ, ಸ್ನಾನ ಮಾಡದೆ ಅವರು ಮನೆಯ ಹಜಾರ ದಾಟುವಂತಿಲ್ಲ.

ಇಂದು ಮಾತ್ರ ಜರಡಿಯಮ್ಮನಿಗೆ ಒಳಗೊಳಗೇ ದಿಗಿಲು. ಈ ಕೆಸರು ಉಳಿದದ್ದೇ ಒಂದು ಚಮಚ, ಅದೂ ಜರಡಿಗೆ ಬಿದ್ದಾಯಿತು. ಬೆಳಗ್ಗೆ ಬಸ್ಸಿನಲ್ಲಿ ನೋಡಿಕೊಂಡರೆ ಹೆಗಲ ಮೇಲೆ ಹೂವಿನಂಗಡಿಯಲ್ಲಿ ಹೊದೆಯುವ ಶಾಲು! ಚಳಿಯೆಂದು ಯಜಮಾನರೇ ಹೊದಿಸಿದ್ದರು. ಗೇಟಿನಲ್ಲೇ ಕಾವಲುಗಾರನಿಗೆ ಒಪ್ಪಿಸಿ, ತಲೆಗೆ ನೀರು ಹೊಯ್ದುಕೊಂಡು, ಬಟ್ಟೆ ಬದಲಿಸಿಯೇ ಒಳಬಂದಿದ್ದಾರೆ. ಆದರೂ ಸಮಾಧಾನವಿಲ್ಲ.

ಸಂಜೆ ವಿಜ್ಞಾನಿ ಬರೀ ನೀರಿನ ಗಾಜುಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಸರಿಸುತ್ತಾಳೆ. ಅಂಚಿನಿಂದ ಅಂಚಿಗೆ ಹತ್ತು ನಿಮಿಷ ಜಾಲಾಡುತ್ತಾಳೆ. ಆಮೇಲೆ ತಲೆಯೆತ್ತಿ, “ಏನೂ ಇಲ್ಲಮ್ಮಾ!” ಎನ್ನುತ್ತಾಳೆ.

ಜರಡಿಯಮ್ಮ ಅಲ್ಲೇ ಚಪ್ಪಾಳೆ ತಟ್ಟುತ್ತಾರೆ. “ಏನೂ ಇಲ್ಲ ಅಂತ ಹೊಗಳಿಸ್ಕೊಳ್ಳೋಳು ಈ ಊರಲ್ಲಿ ನಾನೊಬ್ಬಳೇ!”

ಮುಂದಿನ ತಿಂಗಳು ನಿವೃತ್ತಿ. ಆಸೆಯೇನೆಂದು ಕೇಳಿದರೆ ನಾಚುತ್ತಾರೆ. “ಕೊನೇ ದಿನ ಅಂಗಡೀಲಿರೋ ಹೂವೆಲ್ಲಾ ಹೊತ್ಕೊಂಡು ಬನ್ನಿ ಅಂದಿದೀನಿ ಇವರಿಗೆ. ಗೇಟಿನ ಆಚೆ ನಿಂತಿರ್ಬೇಕು ಅಷ್ಟೇ. ಕಿಟಕಿ ಎಲ್ಲಾ ಮುಚ್ಚಿದೆಯಾ ಅಂತ ನೋಡ್ಕೊಂಡೇ ನಾನು ಆಚೆ ಬರೋದು.”