ಗ್ವಿಲಿಮ್ ಅವರ ತಾಯಿಯ ಕಲ್ಲು

ಗ್ವಿಲಿಮ್ ಅವರನ್ನು ಮೊದಲು ನೋಡಿದ ದಿನ ನಾನು ನೋಡಿದ್ದು ಅವರ ತಲೆಯನ್ನು ಮಾತ್ರ. ಮಿಕ್ಕಿದ್ದೆಲ್ಲ ಬೇಲಿಯ ಆಚೆಗಿತ್ತು. ೨೦೧೩ನೇ ಇಸವಿ, ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ನನ್ನ ಮಗಳು ವೇದಾಳ ಮನೆಯ ಹಿತ್ತಲು. ಒಳಗೆ ಕಾವಲಿ ಕಾಯಿಸಿದರೆ ಸೂರಿಗೆ ಹಾಕಿದ ಹೊಗೆಗಂಟೆ ಬೀದಿಗೆಲ್ಲ ಕೇಳುವಂತೆ ಕಿರುಚಿಕೊಳ್ಳುತ್ತಿತ್ತು. ಹಾಗಾಗಿ ವೇದಾ ನನ್ನನ್ನೂ ನನ್ನ ದೋಸೆಯನ್ನೂ ಹಿತ್ತಲಿನ ಬಾರ್ಬಿ ಒಲೆಗೆ ಸಾಗಿಸಿದ್ದಳು. ಇಲ್ಲಿಯವರು ಮಾಂಸ ಸುಡುವ ಒಲೆ ಅದು. ನಮ್ಮದರ ಮೇಲೆ ದೋಸೆಯ ಹೊರತು ಏನೂ ಬಿದ್ದದ್ದಿಲ್ಲ.

ನಾನು ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ತಿಕ್ಕುತ್ತಿದ್ದೆ. ಬೇಲಿಯ ಮೇಲಿನ ತಲೆ ಏನೋ ಕೇಳಿತು. ವೇದಾ ಬಂದು ಮಾತಾಡಿ ನನ್ನ ಕಡೆ ತಿರುಗಿದಳು.

"ಅಮ್ಮಾ, ಪಕ್ಕದ್ಮನೆ ಗ್ವಿಲಿಮ್ ಅಂತೆ. ಅವರಮ್ಮನ ಕಲ್ಲು ನಿನ್ನ ಕೈಗೆ ಹೇಗೆ ಬಂತು ಅಂತ ಕೇಳ್ತಿದ್ದಾರೆ."

"ಅವರಮ್ಮಂದು ನಾನ್ಯಾಕೆ ತರ್ಲಿ? ಇದು ಅರಸೀಕೆರೆ ಸಂತೇದು ಅನ್ನು."

ಅವರ ಹಳ್ಳಿಯಲ್ಲಿ ಮನೆಮನೆಗೂ ಹೀಗೇ ಒಂದು ದಪ್ಪ ಕಬ್ಬಿಣದ ಕಾವಲಿ ಇತ್ತಂತೆ. ಕಬ್ಬಿಣದ್ದಾದರೂ ಅದನ್ನು ಕಲ್ಲು ಎನ್ನುತ್ತಿದ್ದರಂತೆ. ಇಂಗ್ಲೆಂಡಿನವರೇ ಎಂದು ಕೇಳಿಸಿದೆ. ತಲೆ ಕೆಂಪಗಾಯಿತು.

"ವೇಲ್ಸ್ ಅಮ್ಮ, ವೇಲ್ಸ್. ನಿನ್ನ ಯಾರಾದ್ರೂ ತಿಪಟೂರಿನೋಳಾ ಅಂದ್ರೆ ಹೆಂಗಾಗತ್ತೆ, ಹಂಗಾಗಿದೆ ಅವರಿಗೆ" ಎಂದಳು ವೇದಾ.

ಅಂದಿನಿಂದ ದೋಸೆಯ ದಿನ ಬೇಲಿಯ ಮೇಲೆ ತಲೆ ಕಾಯಂ ಆಯಿತು, ಆಮೇಲೆ ಇಡೀ ಮನುಷ್ಯರೇ ಬಂದು ಕುಳಿತರು. ಅವರು ಹೇಳಿದ್ದನ್ನು ವೇದಾ ನಮ್ಮ ಮಾತಿಗೆ ತಿರುಗಿಸುವಳು. ಅವಳಿಲ್ಲದಾಗ ನಮ್ಮದು ಕೈಸನ್ನೆ. ಮನೆಗೆ ಬರುವವರೆಲ್ಲ ನನ್ನನ್ನು ಆಂಟಿ ಎನ್ನುವುದನ್ನು ಕೇಳಿ, ಅದೇ ನನ್ನ ಹೆಸರೆಂದು ತಿಳಿದು ಅವರೂ ಆಂಟಿ ಎಂದರು. ನನಗಿಂತ ಆರು ವರ್ಷ ದೊಡ್ಡವರು. ನಾನೂ ತಿದ್ದಲಿಲ್ಲ.

ಅವರ ಹಳ್ಳಿಯಲ್ಲಿ ಅರ್ಧ ಊರೇ ಜೋನ್ಸ್. ಗುರುತಿಗೆ ಹಾಲಿನ ಜೋನ್ಸ್, ಕಲ್ಲಿದ್ದಲ ಜೋನ್ಸ್, ಒಮ್ಮೆ ಬಾವಿಗೆ ಬಿದ್ದವರು ಸಾಯುವವರೆಗೂ ಬಾವಿ ಜೋನ್ಸ್. ಭಾನುವಾರ ಹುಂಜ ಹೇಂಟೆಗಳ ಹಿಂದೆ ಓಡುವುದು ಪಾಪವೆಂದು ಅವರಜ್ಜಿ ಶನಿವಾರ ಸಂಜೆಯೇ ಅದನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದರಂತೆ. ನಾನು ನಕ್ಕು ನಕ್ಕು ಒಂದು ದೋಸೆ ಸೀದುಹೋಯಿತು.

ಆದರೆ ಪರ್ತ್‌ನಲ್ಲಿ ಅವರಿಗೊಬ್ಬ ಅಕ್ಕ ಇದ್ದರು, ಒಲ್ವೆನ್. ವಾರಕ್ಕೊಮ್ಮೆ ಫೋನು ಮಾಡಿ, ತಮ್ಮ ಹೇಳಿದ್ದನ್ನೆಲ್ಲ ಅಳಿಸಿಹಾಕುವರು. "ಹುಂಜ ನಮ್ಮದಲ್ಲ, ಬಾವಿ ಜೋನ್ಸಂದು. ಬುಟ್ಟಿ ಮಾತ್ರ ನಮ್ಮದು."

ತಾಯಿ ತೀರಿಕೊಂಡಾಗ ಗ್ವಿಲಿಮ್ ಅವರಿಗೆ ಆರು ವರ್ಷ, ಒಲ್ವೆನ್‌ಗೆ ಹನ್ನೆರಡು. "ಅಮ್ಮನ ನೆನಪು ನಿನಗೆಲ್ಲಿಂದ ಬರ್ಬೇಕು? ನಾನು ಹೇಳಿದ್ದನ್ನೇ ನಿಂದು ಅಂತ ಇಟ್ಕೊಂಡಿದ್ದೀಯ" ಎಂಬುದು ಅಕ್ಕನ ಮಾತು. ಅದನ್ನು ನಮಗೆ ಹೇಳುವಾಗ ಮಾತ್ರ ಗ್ವಿಲಿಮ್ ನಗುತ್ತಿರಲಿಲ್ಲ. ತನ್ನದೆಂದು ಅವರಿಗಿದ್ದ ನೆನಪು ಒಂದೇ. ಆ ಕಲ್ಲಿನ ಪಕ್ಕದಲ್ಲಿ ನಿಂತು, ತಾಯಿ ಬೇಯಿಸಿಕೊಟ್ಟ ದ್ರಾಕ್ಷಿಯ ಸಿಹಿ ಬಿಲ್ಲೆ ತಿಂದದ್ದು. ೨೦೧೫ರಲ್ಲಿ ಅಕ್ಕ ಬ್ರಿಸ್ಬೇನಿಗೆ ಬರುವುದಾಯಿತು. ಅದೇ ಬಿಲ್ಲೆ ಮಾಡಿ, ಆ ನೆನಪು ತನ್ನದೇ ಎಂದು ಅಕ್ಕನ ಬಾಯಿಂದ ಒಪ್ಪಿಸಬೇಕೆಂದು ಇವರ ಹಟ.

ತಾಯಿಯ ಕಲ್ಲು ಇವರ ಶೆಡ್ಡಿನಲ್ಲಿ ಹೂಕುಂಡದ ಕೆಳಗೆ ತುಕ್ಕು ಹಿಡಿದು ಕೂತಿತ್ತು. ನನ್ನ ಕೈಗೆ ಕೊಟ್ಟು, "ಆಂಟಿ, ಇದಕ್ಕೆ ಜೀವ ಬರಿಸಿ" ಎಂದರು. ನಾನು ಹುಣಸೆಹಣ್ಣು ಹಾಕಿ ತಿಕ್ಕಿದೆ, ಗಂಜಿಯಲ್ಲಿ ನೆನೆಹಾಕಿದೆ, ಬಿಸಿಲಿಗಿಟ್ಟೆ, ಎಣ್ಣೆ ಸವರಿದೆ. ದಿನಾ ಈರುಳ್ಳಿ ತಿಕ್ಕಿ ತಿಕ್ಕಿ ಕಾಯಿಸಿದೆ. ಕನ್ನಡಿಯಂತಾಯಿತು.

ಒಲ್ವೆನ್ ಬರುವ ದಿನ ಗ್ವಿಲಿಮ್ ನಮ್ಮ ಹಿತ್ತಲಿನಲ್ಲೇ ಹಿಟ್ಟು, ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ ಕಲಸಿದರು. ಮೊಟ್ಟೆ ಒಡೆಯುವಷ್ಟು ಹೊತ್ತು ನಾನು ಕರಿಬೇವಿನ ಗಿಡವನ್ನು ನೋಡುತ್ತ ನಿಂತೆ. ಬಿಲ್ಲೆಗಳು ಹೊಂಬಣ್ಣಕ್ಕೆ ಬಂದವು. ಒಂದನ್ನು ಬಾಯಿಗಿಟ್ಟವರು ಹಾಗೇ ನಿಂತುಬಿಟ್ಟರು.

"ಆಂಟಿ! ಈರುಳ್ಳಿ!"

"ಮತ್ತೆ? ಕಾವಲಿ ಅಂದ್ಮೇಲೆ ಈರುಳ್ಳಿ ತಿಕ್ಕಬಾರ್ದಾ?"

"ಇದು ಸಿಹಿ ಆಂಟಿ!"

"ಬೆಲ್ಲದ ದೋಸೆನೂ ನಾನು ಈರುಳ್ಳಿ ತಿಕ್ಕಿಯೇ ಹುಯ್ಯೋದು. ಯಾರೂ ಸತ್ತಿಲ್ಲ ಅನ್ನೇ ವೇದಾ."

ವೇದಾ ಅದನ್ನು ಹೇಳುವಷ್ಟರಲ್ಲಿ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು. ಗ್ವಿಲಿಮ್ ತಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡರು. ಎಂಬತ್ತು ದಾಟಿದ ಒಲ್ವೆನ್ ಹ್ಯಾಟು ಸಮೇತ ನೆಟ್ಟಗೆ ಬಂದು, ಕುಶಲ ಕೇಳುವ ಮೊದಲೇ ತಮ್ಮನ ಬೆನ್ನ ಹಿಂದೆ ಕೈ ಹಾಕಿ ಒಂದು ತೆಗೆದರು. ತಿಂದರು. ಕುರ್ಚಿ ಎಳೆದುಕೊಂಡು ಕುಳಿತರು. ಇನ್ನೊಂದು ತಿಂದರು.

"ಅಮ್ಮಂದೇ" ಎಂದರು.

ಅವರ ತಾಯಿ ಶನಿವಾರ ಅದೇ ಕಲ್ಲಿನ ಮೇಲೆ ಗಂಡನಿಗೆ ಈರುಳ್ಳಿ ಹುರಿದು, ತೊಳೆಯದೆ ಹಾಗೇ ಬಿಲ್ಲೆ ಬೇಯಿಸುತ್ತಿದ್ದರಂತೆ. ಚರ್ಚಿನ ಚಹಾಕೂಟಕ್ಕೆ ಒಯ್ದ ಅವರ ತಟ್ಟೆಯನ್ನು ಒಬ್ಬ ಜೋನ್ಸೂ ಮುಟ್ಟುತ್ತಿರಲಿಲ್ಲವಂತೆ.

"ನಾಚ್ಕೆಯಾಗಿ ಇದನ್ನ ನಾನು ಯಾರಿಗೂ ಹೇಳಿರ್ಲಿಲ್ಲ ಕಣೋ. ನಿನಗೂ ಹೇಳಿಲ್ಲ. ನಿಂಗೆ ಹೇಗೆ ಗೊತ್ತು?"

ಗ್ವಿಲಿಮ್ ನನ್ನನ್ನು ನೋಡಿದರು. ನಾನು ಒಲೆಯನ್ನು ನೋಡಿದೆ.

"ನೆನಪಿತ್ತು" ಎಂದರು, ಗಂಭೀರವಾಗಿ.

ಒಲ್ವೆನ್ ಕಣ್ಣೊರೆಸಿಕೊಂಡು ಅವರ ಕೆನ್ನೆ ಹಿಂಡಿದರು. "ಆಯ್ತು. ಹುಂಜಾನೂ ನೀನೇ ಇಟ್ಕೋ."

ಆಮೇಲೆ ಗ್ವಿಲಿಮ್ ಅಡಿಲೇಡಿಗೆ, ಮಗನ ಮನೆಗೆ ಹೋದರು. ಕಲ್ಲನ್ನು ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಅಷ್ಟು ದೂರ ಹೋದರಂತೆ. ಅಲ್ಲಿಂದ ಒಂದೇ ಸಲ, ೨೦೧೮ರ ಕ್ರಿಸ್‌ಮಸ್ಸಿಗೆ ಮುಂಚೆ, ಫೋನು ಮಾಡಿದರು. ಮುಂದಿನ ಚಳಿಗಾಲಕ್ಕೆ ಅವರಿರಲಿಲ್ಲ. ಅಷ್ಟು ಹೊತ್ತಿಗೆ ಅವರ ಇಂಗ್ಲಿಷು ನನಗೆ ತಿಳಿಯುತ್ತಿತ್ತು. ಸೊಸೆ ಕಲ್ಲನ್ನು ಸೋಪು ಹಾಕಿ, ಪಾತ್ರೆ ತೊಳೆಯುವ ಮಿಷನ್ನಿಗೆ ಕೊಟ್ಟುಬಿಟ್ಟಿದ್ದಳಂತೆ. ನಾನು ಅಯ್ಯೋ ಶಿವನೇ ಎಂದು ಕೂಗಿದ್ದಕ್ಕೆ ವೇದಾ ಓಡಿ ಬಂದಳು. ಪರ್ತ್‌ನಿಂದ ಒಲ್ವೆನ್ ಹಬ್ಬದ ಬಿಲ್ಲೆ ತಿನ್ನಲು ಬಂದಾಗಿತ್ತು, ಪಕ್ಕದ ಕೋಣೆಯಲ್ಲೇ ಇದ್ದರು. ಗ್ವಿಲಿಮ್ ದನಿ ತಗ್ಗಿಸಿದರು.

"ಬೇಗ ಹೇಳಿ ಆಂಟಿ, ಅವಳು ಬರ್ತಿದ್ದಾಳೆ. ಕೆಂಪು ಈರುಳ್ಳಿನಾ, ಬಿಳೀದಾ?"