ಕೊಕ್ಕರೆಯ ಕಣ್ಣು

ಸೊಸೆಗೆ ಮನೆಯಲ್ಲಿ ‘ಟೋಪಿ ಡಾಕ್ಟರ್’ ಎಂದು ಹೆಸರಿಟ್ಟವನು ಅವಳ ಗಂಡನೇ. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಅವಳ ಕೆಲಸ. ಹಳೆಯ ಯುದ್ಧಗಳ ಉಕ್ಕಿನ ಟೋಪಿಗಳು ಅಲ್ಲಿಗೆ ಬರುತ್ತವೆ. ಅವುಗಳ ಪಕ್ಕಕ್ಕೆ ಬಳಿದ ಚಿಹ್ನೆ ನೋಡಿ, ಇದು ಯಾವ ಪಡೆಯದು, ಅದನ್ನು ತೊಟ್ಟವನು ಏನು ಕೆಲಸ ಮಾಡುತ್ತಿದ್ದ ಎಂದು ಅವಳು ಹೇಳಬೇಕು. ಮಾರುವವರು ಹಳೆ ಟೋಪಿಗೆ ಹೊಸ ಹುಲಿ ಬರೆದು ತರುವುದೂ ಉಂಟು. ಅಂಥವರನ್ನು ಅವಳು ಬಾಗಿಲಲ್ಲೇ ಸಾಗಹಾಕುತ್ತಾಳೆ. “ಜನಕ್ಕೆ ಟೋಪಿ ಹಾಕೋರನ್ನ ಹಿಡಿಯೋಳು ನನ್ನ ಹೆಂಡ್ತಿ” ಎಂದು ಗಂಡ ಬಂದವರೆದುರಿಗೆಲ್ಲ ಹೇಳಿ ತಾನೇ ನಗುತ್ತಾನೆ. ಬೇರೆ ಯಾರೂ ನಗುವುದಿಲ್ಲ, ಪಾಪ.

ಇಷ್ಟೆಲ್ಲ ಬಲ್ಲವಳು ಒಂದು ಟೋಪಿಯ ತಂಟೆಗೆ ಮಾತ್ರ ಹೋಗಿರಲಿಲ್ಲ. ಅದು ಅವಳ ಮನೆಯಲ್ಲೇ, ಅತ್ತೆಯ ಕೋಣೆಯ ಕಿಟಕಿಯ ಬಳಿ ಇತ್ತು. ಅತ್ತೆಯ ಅಪ್ಪ ಯುದ್ಧದಿಂದ ಹಿಂತಿರುಗಲಿಲ್ಲ. ಮಗಳಿಗೆ ಉಳಿದದ್ದು ಈ ಟೋಪಿ, ಅದರ ಮೇಲೆ ಒಂಟಿ ಕಾಲಲ್ಲಿ ನಿಂತ ಬಿಳಿ ಕೊಕ್ಕರೆ. ಕೊಕ್ಕರೆಯ ಚಿಹ್ನೆಯ ಪಡೆಯೊಂದು ನಿಜವಾಗಿ ಇತ್ತು, ಹೆಸರುವಾಸಿ ಪಡೆ. ಹಾಗಾಗಿ ಮನೆಯಲ್ಲಿ ಎಲ್ಲರೂ ಅವರನ್ನು ಕೊಕ್ಕರೆ ಪಡೆಯವರೆಂದೇ ನಂಬಿದ್ದರು.

ಎಪ್ಪತ್ತು ದಾಟಿದ ಅತ್ತೆ ಈಚೆಗೆ ಆ ಪಡೆಯ ಕಚೇರಿಗೆ ಬರೆದು ಕೇಳಿದ್ದರು. ಅಂಥ ಹೆಸರಿನವರು ನಮ್ಮಲ್ಲಿ ಇರಲೇ ಇಲ್ಲ ಎಂಬ ಉತ್ತರ ಬಂತು. ಅಲ್ಲಿಗೆ ಮುದುಕಿಯ ನಿದ್ದೆ ಹೋಯಿತು. ನೆಂಟರ ಬಾಯಲ್ಲಿ ಹಳೆಯ ಮಾತೊಂದಿತ್ತು: ಅವನೆಲ್ಲಿ ಸತ್ತ, ಹೆದರಿ ಓಡಿಹೋದ, ಇಲ್ಲದಿದ್ದರೆ ಸಿಪಾಯಿಯ ಟೋಪಿ ಮನೆಯಲ್ಲಿ ಯಾಕಿರುತ್ತೆ? ಆ ಮಾತಾಡಿದವರ ಬಾಯನ್ನು ಅತ್ತೆ ಜನ್ಮವಿಡೀ ಕೊಕ್ಕರೆಯನ್ನು ತೋರಿಸಿಯೇ ಮುಚ್ಚಿಸಿದ್ದರು. ಈಗ ಕೊಕ್ಕರೆಯೇ ಕೈಕೊಟ್ಟಿತ್ತು.

ಒಂದು ಬೆಳಗ್ಗೆ ಅತ್ತೆ ಟೋಪಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಸೊಸೆಯ ಜೊತೆಗೇ ಕೆಲಸಕ್ಕೆ ಹೊರಟರು. “ಊರವರ ಟೋಪೀನೆಲ್ಲಾ ನೋಡ್ತೀಯ. ನಮ್ಮಪ್ಪಂದು ನೋಡೋಕೆ ಏನು ಕಷ್ಟ ನಿಂಗೆ?”

ಕಷ್ಟವಿತ್ತು. ಅದನ್ನು ಸೊಸೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವಳ ಕೆಲಸ. ಕಾಣಬಾರದ್ದು ಕಂಡರೆ ಅದೇ ಮನೆಯಲ್ಲಿ ಅದೇ ಅತ್ತೆಯ ಎದುರು ಹೇಗೆ ಕೂತು ಉಣ್ಣುವುದು?

ಕಿಟಕಿಯ ಪರದೆ ಎಳೆದು, ಟಾರ್ಚನ್ನು ಟೋಪಿಯ ಮೈಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟಳು. ಹಾಗೆ ಬಿಟ್ಟರೆ ಬಣ್ಣದ ಉಬ್ಬುತಗ್ಗು ಎದ್ದು ಕಾಣುತ್ತದೆ. ಮೊದಲು ಅಂಚು ನೋಡಿದಳು. ಅಲ್ಲಿ ಬೇಕೆಂದೇ ಕೊರೆದ ತೂತಿತ್ತು.

“ಅತ್ತೆ, ಇದು ಕೆಟ್ಟುಹೋಯ್ತು ಅಂತ ಪಡೆಯವರೇ ತೂತು ಹೊಡೆದು ಬಿಸಾಕಿದ ಟೋಪಿ. ಇಂಥದ್ದನ್ನ ರಜೆಗೆ ಬಂದಾಗ ಮನೆಗೆ ತರ್ತಿದ್ರು. ಟೋಪಿ ಬಿಟ್ಟು ಓಡಿಹೋದ್ರು ಅನ್ನೋದೆಲ್ಲಾ ಸುಳ್ಳು.”

ಅತ್ತೆಯ ಮುಖ ಅರಳಿತು. ಸೊಸೆಯ ಮುಖ ಅರಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವಳ ಕಣ್ಣು ಕೊಕ್ಕರೆಯ ಮೇಲಿತ್ತು. ಬಿಳಿ ಬಣ್ಣ ಅಂಚಿನ ಕಡೆಗೆ ಸೋರದೆ ನೆತ್ತಿಯ ಕಡೆಗೆ ಸೋರಿತ್ತು. ಯಾರೋ ಟೋಪಿಯನ್ನು ಬೋಗುಣಿಯ ಹಾಗೆ ಬಾಯಿ ಮೇಲಾಗಿ ತೊಡೆಯ ಮೇಲಿಟ್ಟು ಬರೆದಿದ್ದರು. ಕಣ್ಣಿನ ಜಾಗದಲ್ಲಿ ಹಸಿ ಬಣ್ಣದೊಳಕ್ಕೆ ಬೆರಳೊತ್ತಿ ಗುಳಿ ಮಾಡಿದ್ದರು. ಅವಸರದ ಸಿಪಾಯಿ ಕಿರುಬೆರಳು ಒತ್ತಿರಬೇಕು ಎಂದುಕೊಂಡು ಅವಳು ಮುಂದೆ ಹೋದಳು. ರೆಕ್ಕೆಯ ಕೆಳಗೆ ಇನ್ನೊಂದು ಬಣ್ಣದ ಏರು ಕಂಡಿತು. ಬಾಗಿದ ಗೆರೆ, ಅದರಡಿ ನೆಟ್ಟನೆಯ ಅಂಚು.

ಆ ಆಕಾರದ ಚಿಹ್ನೆ ಇದ್ದದ್ದು ಎರಡೇ ಪಡೆಗೆ, ಎರಡೂ ಹಳದಿ. ಅರ್ಧಚಕ್ರ, ಸಾಗಣೆಯ ಲಾರಿಗಳವರದು. ಇನ್ನೊಂದು ತುಂಡುಚಂದ್ರ. ಓಡಿಹೋಗಿ ಸಿಕ್ಕಿಬಿದ್ದವರನ್ನು ಶಿಕ್ಷೆಗೆಂದು ಸೇರಿಸುತ್ತಿದ್ದ ತುಕಡಿಯದು. ಚಕ್ರವಾದರೆ ಒಳಗೆ ಅರಗಳಿರುತ್ತವೆ, ಚಂದ್ರನಿಗೆ ಇರುವುದಿಲ್ಲ. ಆದರೆ ಒಳಭಾಗದ ಮೇಲೆಲ್ಲ ರೆಕ್ಕೆಯ ಬಣ್ಣ ದಪ್ಪಗೆ ಕೂತಿತ್ತು.

“ಏನು ಕಾಣ್ತು?”

“ಕೆಳಗೆ ಬೇರೆ ಏನೋ ಇದ್ದ ಹಾಗಿದೆ. ಇದ್ರೂ ಇರ್ಬಹುದು...”

“ಅಡ್ಡಗೋಡೆ ಮೇಲೆ ದೀಪ ಇಡಬೇಡ ಕಣೆ. ಹೇಳೋದು ನೆಟ್ಟಗೆ ಹೇಳು.”

ಸೊಸೆ ಹೇಳಿದಳು, ಚಕ್ರವನ್ನೂ ಹೇಳಿದಳು, ಚಂದ್ರನನ್ನೂ ಹೇಳಿದಳು. ತಿಳಿಯಬೇಕಾದರೆ ರೆಕ್ಕೆ ತೆಗೆಯಬೇಕು, ತೆಗೆದದ್ದು ಮತ್ತೆ ಬರುವುದಿಲ್ಲ. ಮೇಲಿನ ಬಣ್ಣದ ಜೊತೆ ಕೆಳಗಿನದೂ ಕಿತ್ತುಬಂದರೆ ಎರಡೂ ಹೋಯಿತು.

ಯಾರೂ ಕೇಳದಿದ್ದರೂ ಅತ್ತೆ ಹೇಳಿದರು. “ಅಪ್ಪಂದು ಒಂದೇ ನೆನಪು ನಂಗೆ. ಸುಣ್ಣದ ಡಬ್ಬಕ್ಕೆ ಕೈ ಹಾಕಿದ್ದೆ ಅನ್ಸುತ್ತೆ, ಕೈಯೆಲ್ಲಾ ಬೆಳ್ಳಗೆ. ಅಮ್ಮ ಬೈತಿದ್ಲು, ಅಪ್ಪ ನಗ್ತಿದ್ರು. ನಗು ನೆನಪಿದೆ, ಮುಖ ನೆನಪಿಲ್ಲ. ತೆಗಿ.”

“ಚಂದ್ರ ಬಂದ್ರೆ?”

“ಬಂದ್ರೆ ಬರ್ಲಿ. ಗೊತ್ತಿಲ್ದೆ ಸಾಯೋದು ಬೇಡ ನಂಗೆ.”

ಅತ್ತ ದರಿ, ಇತ್ತ ಪುಲಿ. ಸೊಸೆ ಕಡ್ಡಿಗೆ ಹತ್ತಿ ಸುತ್ತಿ, ಥಿನ್ನರಿನಲ್ಲಿ ಅದ್ದಿ, ಹಿಂಡಿ, ರೆಕ್ಕೆಯ ತುದಿಗೆ ಮುಟ್ಟಿಸಿದಳು. ಹತ್ತಿ ಬೆಳ್ಳಗಾಯಿತು. ಬಿಸಾಕಿ ಇನ್ನೊಂದು ಸುತ್ತಿದಳು. ಅದರಲ್ಲಿ ಹಳದಿ ಬಂದರೆ ಕೆಳಗಿನ ಬಣ್ಣವೂ ಕರಗಿತು ಎಂದೇ ಲೆಕ್ಕ. ಪ್ರತಿ ಸಲ ಕಡ್ಡಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮಧ್ಯೆ ಎರಡು ಸಲ ಕೈ ತೊಳೆಯುವ ನೆಪದಲ್ಲಿ ಎದ್ದು ಹೋದಳು. ಅತ್ತೆ ಸ್ಟೂಲಿನಿಂದ ಅಲ್ಲಾಡಲಿಲ್ಲ.

ಮೊದಲು ಬಾಗಿದ ಗೆರೆ ಬಂತು. ಹಳದಿ. ಅದರೊಳಗೆ ಬರೀ ಹಸಿರು ಉಕ್ಕು. ಇನ್ನಷ್ಟು ಒರೆಸಿದರೂ ಬರೀ ಹಸಿರು. ಚಂದ್ರನೇ ಎಂದುಕೊಂಡಳು ಸೊಸೆ. ಅತ್ತೆಯ ಕಡೆ ತಿರುಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಇನ್ನೊಂದು ಕಡ್ಡಿ ತೆಗೆದುಕೊಂಡು ಕೊಕ್ಕರೆಯ ಬೆನ್ನಿನ ಹತ್ತಿರ ಒರೆಸಿದಳು. ಕೂದಲೆಳೆಯಷ್ಟು ಹಳದಿ ಕಂಡಿತು. ಅದು ನೇರವಾಗಿ ಒಳಕ್ಕೆ, ನಡುವಿನ ಕಡೆಗೆ ಹೊರಟಿತ್ತು.

“ಅರ!” ಎಂದು ಕಿರುಚಿದಳು. “ಅತ್ತೆ, ಚಕ್ರದ ಅರ ಇದು!”

ಮುಂದಿನದು ಫೋನಿನ ಕೆಲಸ. ಸಾಗಣೆ ಪಡೆಯ ನಿವೃತ್ತರ ಸಂಘದಲ್ಲಿ ಫೋನೆತ್ತಿದವರು ವಯಸ್ಸಾದ ಗಂಡಸು. ಸೊಸೆ ಹೆಸರು ಹೇಳಿ, ಅತ್ತೆಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟಳು. ಇಲ್ಲಿಯೂ ಇಲ್ಲ ಎನ್ನುತ್ತಾರೇನೋ ಎಂದು ಅತ್ತೆ ಸೊಸೆಯ ಮಣಿಕಟ್ಟು ಹಿಡಿದುಕೊಂಡರು.

“ಆ ಹೆಸರು ನಮ್ಮ ಹಾಲ್‌ನ ಗೋಡೆ ಮೇಲಿದೆ ತಾಯಿ, ದಿನಾ ನೋಡ್ತೀನಿ. ಗಾಯಾಳುಗಳನ್ನ ಈ ದಡಕ್ಕೆ ತಂದು ಇಳಿಸಿ, ಉಳಿದವ್ರನ್ನ ಕರ್ಕೊಂಡು ಬರೋಕೆ ಮತ್ತೆ ಸೇತುವೆ ದಾಟಿದ್ರಂತೆ. ಸೇತುವೇನೇ ಬಿತ್ತು. ಅವರ ಮನೆಯವ್ರು ಯಾಕೆ ಯಾವತ್ತೂ ಬರ್ಲಿಲ್ಲ ಅಂತ ನಮಗೆಲ್ಲಾ ಆಶ್ಚರ್ಯ.”

ಫೋನಿಟ್ಟ ಮೇಲೆ ಅತ್ತೆ ಟೋಪಿಯನ್ನು ತೊಡೆಯ ಮೇಲೆ ಬಾಯಿ ಮೇಲಾಗಿ ಇಟ್ಟುಕೊಂಡರು, ಬೋಗುಣಿಯ ಹಾಗೆ. ಇದ್ದೊಂದು ರೆಕ್ಕೆಯೂ ಅಳಿಸಿಹೋದ ಹಕ್ಕಿಯ ಮೈ ಸವರಿದರು. ಬೆರಳು ಕಣ್ಣಿನ ಗುಳಿಯಲ್ಲಿ ನಿಂತಿತು, ಒಳಗೆ ಹಿಡಿಸಲಿಲ್ಲ.

“ಇದನ್ನ ಒತ್ತಿದ್ದು ಯಾರೇ?”

ಕಿರುಬೆರಳು ಎನ್ನಲು ಹೊರಟ ಸೊಸೆ ಭೂತಗನ್ನಡಿ ಹಿಡಿದು ನೋಡಿ ಮಾತು ತಡೆದುಕೊಂಡಳು. ದೊಡ್ಡವರ ಯಾವ ಬೆರಳೂ ಅಷ್ಟು ಚಿಕ್ಕದಿರುವುದಿಲ್ಲ. “ಮಗುವಿನ ಬೆರಳು ಅತ್ತೆ. ಮೂರ್ನಾಲ್ಕು ವರ್ಷದ್ದು.”

ಅತ್ತೆ ತಮ್ಮ ಅಂಗೈಯನ್ನೇ ನೋಡಿಕೊಂಡರು. “ಹಾಗಾದ್ರೆ ಅವತ್ತು ನನ್ನ ಕೈಲಿದ್ದದ್ದು ಸುಣ್ಣ ಅಲ್ಲ ಕಣೆ, ಈ ಕೊಕ್ಕರೆ ಬಣ್ಣ.” “ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು ನನ್ನ ಬಾಳು. ಅಪ್ಪನ್ನ ಮುಚ್ಚಿಟ್ಟಿದ್ದು ನಾನೇ.”

ಪೂರ್ತಿ ಚಕ್ರ ಕಾಣಲಿ ಎಂದು ಸೊಸೆ ಇನ್ನೊಂದು ಕಡ್ಡಿಗೆ ಹತ್ತಿ ಸುತ್ತುತ್ತಿದ್ದಳು. ಅತ್ತೆ ಅವಳ ಕೈ ತಡೆದರು.

“ಸಾಕು, ಉಳಿದದ್ದು ಮುಟ್ಟಬೇಡ. ಅಪ್ಪ ನನ್ನ ಕೈ ಹಿಡಿದು ಬರೆಸಿದ್ದು ಅದು.”